ಗಜ ಪೂರ್ತಿ ಇಳಿಯದ ಕೋವಿ

ದೋಹಾದ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ ಒಂದು ದಿನ ಚಹಾ ಕುಡಿಯುತ್ತ ಬಾಸ್ ಎದುರು ಬಾಯಿ ತಪ್ಪಿ ಹೇಳಿಬಿಟ್ಟೆ: ನಮ್ಮ ಮನೆಯಲ್ಲೂ ಕೇಪಿನ ಕೋವಿ ಇತ್ತು, ಅಪ್ಪ ಅದನ್ನು ತೊಳೆಯುವಾಗ ನಾನು ಪಕ್ಕದಲ್ಲೇ ಕೂರುತ್ತಿದ್ದೆ. ಅಷ್ಟೇ ಸಾಕಾಯಿತು. ಬಾಸ್ ಕತಾರಿನವರು. ಅವರ ತಂದೆಗೆ ಮೊಮ್ಮಗನ ಮದುವೆಯಲ್ಲಿ ತಮ್ಮ ಅಪ್ಪನ ಕಾಲದ ಕೋವಿಯಿಂದ ಒಂದು ಈಡು ಹಾರಿಸಲೇಬೇಕೆಂಬ ಹಟ. ಮಗನಾದ ಬಾಸ್‌ಗೋ, ಅದು ಮುದುಕರ ಕೈಯಲ್ಲೇ ಸಿಡಿದರೆ ಎಂಬ ಭಯ. "ನೀನು ನೋಡು. ಆಗುತ್ತದೆ ಅಂದರೆ ಆಯಿತು. ಇಲ್ಲ ಅಂದರೆ ಖಲಾಸ್," ಎಂದರು.

"ಮನೆಯ ಟ್ಯೂಬ್‌ಲೈಟ್ ಹಾಕಲಿಕ್ಕೆ ಬರುವುದಿಲ್ಲ, ಅರಬರ ಕೋವಿ ರಿಪೇರಿಯಂತೆ," ಎಂದು ಹೆಂಡತಿ ನಕ್ಕಳು. ನಕ್ಕರೂ ತನ್ನ ಹೊಲಿಗೆ ಮೆಷಿನ್ನಿನ ಎಣ್ಣೆ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಟ್ಟಳು. ಊರಿನಲ್ಲಾದರೆ ಅಪ್ಪ ತೆಂಗಿನೆಣ್ಣೆಯನ್ನೇ ಸವರುತ್ತಿದ್ದರು. ಹಂದಿ ಓಡಿಸಲು ಈಡು ಹಾರಿಸಿದ ಮರುದಿನ ಬೆಳಿಗ್ಗೆ ಬಚ್ಚಲಿನ ಹಂಡೆಯಿಂದ ಕುದಿನೀರು ತಂದು ನಳಿಗೆಗೆ ಹೊಯ್ಯುವುದು, ಕೊಳೆತ ಮೊಟ್ಟೆಯಂಥ ನಾತದ ಕರಿನೀರು ಕೆಳಗೆ ಸುರಿಯುವುದು, ಅಮ್ಮ ಮೂಗು ಮುಚ್ಚಿಕೊಂಡು ಬಯ್ಯುವುದು. ಆ ನಾತ ನನಗೆ ಈಗಲೂ ಇಷ್ಟ.

ಶುಕ್ರವಾರ ಮಧ್ಯಾಹ್ನ ಬಾಸ್ ಮನೆಯ ಮಜ್ಲಿಸ್‌ನಲ್ಲಿ, ಅಂದರೆ ಅತಿಥಿಗಳು ಕೂರುವ ದೊಡ್ಡ ಕೋಣೆಯಲ್ಲಿ, ಕೋವಿಯನ್ನು ಗೋಡೆಯಿಂದ ಇಳಿಸಿದರು. ಬಾಸ್‌ನ ತಂದೆ, ಆ ಅಜ್ಜ, ಎದುರಿನ ದಿಂಬಿಗೆ ಒರಗಿ ಕುಳಿತು, ನನ್ನ ಕೈಯನ್ನೇ ನೋಡುತ್ತಿದ್ದರು. ಮರದ ಹಿಡಿಗೆ ಬೆಳ್ಳಿಯ ಪಟ್ಟಿ, ಕಬ್ಬಿಣದ ಮೇಲೆ ತೆಳ್ಳಗೆ ತುಕ್ಕು. ನೋಡಲು ಚಂದವೇ ಇತ್ತು. ಆದರೆ ಇಂಥ ಕೋವಿಗೆ ಬಾಯಿಯಿಂದಲೇ ಮದ್ದು ಸುರಿದು, ಅದರ ಮೇಲೆ ಬಟ್ಟೆಯನ್ನೋ ನಾರನ್ನೋ ಗಿಡಿಯುತ್ತಾರೆ. ಒಳಗೆ ಏನಿದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಅದಕ್ಕೇ ಅಪ್ಪ ಮೊದಲು ಗಜ ಇಳಿಸುತ್ತಿದ್ದರು. ಗಜವೆಂದರೆ ಗಿಡಿಯುವ ಉದ್ದನೆಯ ಸರಳು. ಅದನ್ನು ಒಳಗೆ ಬಿಟ್ಟು, ಬಾಯಿಯ ಮಟ್ಟದಲ್ಲಿ ಬೆರಳು ಹಿಡಿದು, ಹೊರತೆಗೆದು ನಳಿಗೆಯ ಪಕ್ಕಕ್ಕೆ ಇಟ್ಟು ಅಳೆಯಬೇಕು.

ಹಾಗೆಯೇ ಮಾಡಿದೆ. ಗಜ ನಾಲ್ಕು ಬೆರಳಷ್ಟು ಕಡಿಮೆ ಇಳಿದಿತ್ತು. ಇನ್ನೊಮ್ಮೆ ಬಿಟ್ಟೆ. ಅಷ್ಟೇ.

ಕೋವಿ ತುಂಬಿತ್ತು. ಮೊಮ್ಮಕ್ಕಳು ಆಡುವ ಕೋಣೆಯಲ್ಲಿ ಇಷ್ಟು ವರ್ಷ ತುಂಬಿದ ಕೋವಿಯೇ ನೇತಾಡುತ್ತಿತ್ತು. ಬಾಸ್ ಅರಬಿಯಲ್ಲಿ ಕೇಳಿದರು, ಅಜ್ಜ ನಿಧಾನವಾಗಿ ಉತ್ತರಿಸಿದರು. ಅವರ ಅಪ್ಪ ತೀರಿಕೊಂಡ ಮೇಲೆ ಅದನ್ನು ಯಾರೂ ಹಾರಿಸಿಲ್ಲವಂತೆ. ಒಳಗಿರುವುದು ಅಪ್ಪನೇ ಗಿಡಿದ ಕೊನೆಯ ಈಡು.

ಅಂಗಳಕ್ಕೆ ಒಯ್ದು, ಬಾಯಿಯನ್ನು ಖಾಲಿ ಮೂಲೆಯ ಕಡೆಗೆ ಓರೆಯಾಗಿ ಮೇಲೆ ಮಾಡಿ, ಮದ್ದು ಸಾಯಲೆಂದು ನೀರು ಹೊಯ್ದು ನೆನೆಯಲು ಬಿಟ್ಟೆ. ಚಹಾ ಬಂತು, ಖರ್ಜೂರ ಬಂತು. ಅಜ್ಜ ಏನನ್ನೂ ಮುಟ್ಟಲಿಲ್ಲ. ಆಮೇಲೆ ಗಜದ ತುದಿಗೆ ತಿರುಪು ಸಿಕ್ಕಿಸಿ ಒಳಗೆ ತಿರುಗಿಸಿ ಎಳೆದೆ. ಒದ್ದೆ ಬಟ್ಟೆಯ ಉಂಡೆ ಹೊರಬಂತು, ಅದರ ಹಿಂದೆಯೇ ಕಪ್ಪು ಕೆಸರು. ಬಿಸಾಡುವವನಿದ್ದೆ. ಅಜ್ಜ ಕೈ ಚಾಚಿದರು.

ಬಿಡಿಸಿದರೆ ನೀಲಿ ಬಟ್ಟೆ. ಅಂಚಿನಲ್ಲಿ ಕೆಂಪು ದಾರದ ಹೊಲಿಗೆ ಅಷ್ಟಿಷ್ಟು ಉಳಿದಿತ್ತು. ಅಜ್ಜ ಅದನ್ನು ತೊಡೆಯ ಮೇಲೆ ಹರವಿ, ಬೆರಳಿನಿಂದ ಮತ್ತೆ ಮತ್ತೆ ನೇವರಿಸಿ ಏನೋ ಅಂದರು. ಬಾಸ್ ನನ್ನ ಕಡೆ ತಿರುಗಿ, "ಅವರ ಅಮ್ಮನ ಉಡುಪಿನದಂತೆ," ಎಂದರು.

ನನ್ನ ಕೆಲಸ ಮುಗಿದಿರಲಿಲ್ಲ. ಬಿಸಿನೀರಿನಲ್ಲಿ ತೊಳೆದು, ಒರೆಸಿ, ಟಾರ್ಚ್ ಬಿಟ್ಟು ನೋಡಿದೆ. ಮದ್ದು ಕೂತಿದ್ದ ಜಾಗವನ್ನು ತುಕ್ಕು ತಿಂದುಹಾಕಿತ್ತು. ಅಜ್ಜನ ಮುಖ ನೋಡಿ ಅದನ್ನು ಹೇಳುವುದು ನನಗೆ ಬಹಳ ಕಷ್ಟವಾಯಿತು. "ಹಾರಿಸಲಿಕ್ಕೆ ಮಾಫಿ, ಬಾಬಾ," ಎಂದೆ, ಆಗುವುದಿಲ್ಲ ಎನ್ನಲು ನನಗೆ ಬರುತ್ತಿದ್ದ ಅರಬಿ ಅಷ್ಟೇ. ಅವರು ಜಗಳವಾಡಲಿಲ್ಲ. ತಮ್ಮ ತಲೆವಸ್ತ್ರದ ಅಂಚಿನಿಂದ ಒಂದು ಚೂರು ಹರಿದು ನನ್ನ ಕೈಗಿಟ್ಟು, ಗಿಡಿ ಎಂದು ಸನ್ನೆ ಮಾಡಿದರು. ಮದ್ದು ಬೇಡ, ಬಟ್ಟೆ ಮಾತ್ರ. "ಯಲ್ಲಾ," ಎಂದು ಅವಸರಿಸಿದರು. ನಾನು ಎಣ್ಣೆ ಸವರಿ, ಬಟ್ಟೆಯನ್ನು ಗಜದಿಂದ ತಳದವರೆಗೆ ತಳ್ಳಿದೆ. ಬಾಸ್ ಗೋಡೆಯ ಕಡೆ ತಿರುಗಿ ನಿಂತಿದ್ದರು.

ಅಲ್ ವುಕೈರ್‌ನ ನಮ್ಮ ಫ್ಲ್ಯಾಟಿಗೆ ಬಂದವನೇ ಊರಿಗೆ ಫೋನು ಹಚ್ಚಿದೆ. ಅಪ್ಪ ಹೋಗಿ ಆಗ ಎರಡು ವರ್ಷವಾಗಿತ್ತು.

"ಅಣ್ಣಾ, ನಮ್ಮ ಕೋವಿ ಎಲ್ಲುಂಟು?"

"ಈಗ ಎಂತಕ್ಕೆ ಮಾರಾಯ? ಎಲೆಕ್ಷನ್‌ಗೆ ಪೊಲೀಸ್ ಸ್ಟೇಷನ್ನಿನಲ್ಲಿ ಇಟ್ಟದ್ದು, ಲೈಸೆನ್ಸ್ ಇಲ್ಲ ಅಂತ ವಾಪಸ್ ತರಲೇ ಇಲ್ಲ."

"ಕೊಡುವ ಮೊದಲು ಗಜ ಹಾಕಿ ನೋಡಿದ್ದೆಯಾ?"

"ನೋಡಲಿಕ್ಕೆ ಎಂತ ಉಂಟು? ಅಪ್ಪ ಯಾವತ್ತಾದರೂ ಖಾಲಿ ಮಾಡದೆ ತೂಗುಹಾಕಿದ್ದುಂಟಾ?"

ಇಲ್ಲ. ಒಂದು ದಿನವೂ ಇಲ್ಲ. ಅಪ್ಪನ ಆ ಶಿಸ್ತನ್ನು ನಾನು ಎಲ್ಲೆಲ್ಲೂ ಹೊಗಳಿಕೊಂಡು ಬಂದವನು. ಆ ಸಂಜೆ ಫೋನು ಕೆಳಗಿಟ್ಟು, ಒಮ್ಮೆಯಾದರೂ ಅವರು ಮರೆತಿದ್ದರೆ ಅವರ ಕೈ ಗಿಡಿದ ಒಂದು ಚೂರು ಬಟ್ಟೆಯಾದರೂ ಉಳಿಯುತ್ತಿತ್ತಲ್ಲ ಎಂದು ಅತ್ತೆ.