ಸಿಹಿಗೆ ಅಂಕಿ ಹೇಳುತ್ತಿದ್ದ ದಸ್ತಗೀರ ಕಾಕಾ

ದಸ್ತಗೀರ ಕಾಕಾ ಯಾವತ್ತೂ ಯಾವುದನ್ನೂ ‘ಸಿಹಿ’ ಅಂದವರಲ್ಲ. ನಮ್ಮವ್ವ ಚಹಾ ಕೊಟ್ಟರೆ ಅರ್ಧ ಕುಡಿದು, ಬಸಿಯಲ್ಲಿ ಒಂದು ಹನಿ ಆರಲು ಬಿಟ್ಟು, ಅಂಗಿಯ ಜೇಬಿನಿಂದ ಗೇಣುದ್ದದ ಒಂದು ಕೊಳವೆ ತೆಗೆಯುತ್ತಿದ್ದರು. ಅದರ ತುದಿಯ ಗಾಜಿಗೆ ಆ ಹನಿ ಹಚ್ಚಿ, ಮುಚ್ಚಳ ಹಾಕಿ, ಬಾಗಿಲ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು.

“ವೈನಿ, ಇವತ್ತ ಹದಿನಾಲ್ಕು ಐತ್ರಿ. ನಿನ್ನಿ ಹನ್ನೆರಡಿತ್ತು.”

“ನಾಳಿಗೆ ಬೆಲ್ಲದ ಪೆಂಟೀನ ಕೊಡ್ತೀನಿ, ಅದನ್ನ ನೋಡ್ಕೋತ ಕುಂದರ್ರಿ,” ಎಂದು ಅವ್ವ ಒಳಗಿನಿಂದಲೇ ಒದರುತ್ತಿದ್ದಳು. ಮರುದಿನ ಮತ್ತೆ ಅದೇ ಚಹಾ, ಅದೇ ಕೊಳವೆ, ಅದೇ ಜಗಳ.

ಆ ಕೊಳವೆಯ ಹೆಸರು ಬ್ರಿಕ್ಸ್ ಮೀಟರು. ಕಬ್ಬಿನ ಹಾಲಿನಲ್ಲಿ ಸಕ್ಕರೆ ಎಷ್ಟು ಏರಿದೆ ಅಂತ ನೋಡುವ ಸಾಧನ. ಒಳಗೆ ಮೇಲೆ ನೀಲಿ, ಕೆಳಗೆ ಬಿಳಿ ಕಾಣುತ್ತದೆ. ಎರಡೂ ಕೂಡುವ ಗೆರೆ ಯಾವ ಅಂಕಿಯ ಮೇಲೆ ನಿಂತಿತೋ ಅದೇ ಲೆಕ್ಕ. ಕಾಕಾ ರಸಾಯನಶಾಸ್ತ್ರದಲ್ಲಿ ಬಿಎಸ್ಸಿ ಮಾಡಿ, ಮೂಡಲಗಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿದ್ದರು. ಗೋಕಾಕದಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಮನುಷ್ಯ ಕೈಗೆ ಸಿಗುತ್ತಿರಲಿಲ್ಲ. ಹಂಗಾಮು ಮುಗಿದರೆ ಅರ್ಧ ಪಗಾರದ ತಿಂಗಳುಗಳು. ಆಗ ನಮ್ಮಪ್ಪನ ಲೇತ್ ಅಂಗಡಿಯ ಸ್ಟೂಲು ಅವರದೇ.

ನಮ್ಮಕ್ಕನ ನಿಶ್ಚಯದ ದಿನ ಇವರು ಮಾಡಿದ ಫಜೀತಿ ನಮ್ಮ ಓಣಿಯವರು ಇನ್ನೂ ಮರೆತಿಲ್ಲ. ಕೌಜಲಗಿಯಿಂದ ಗಂಡಿನ ಕಡೆಯವರು ಬಂದು ಕೂತಿದ್ದರು. ಕೈಗೆ ಸರಬತ್ತು ಬಂದದ್ದೇ ತಡ, ಕಾಕಾ ಕೊಳವೆ ತೆಗೆದರು. ಗಂಡಿನ ತಾಯಿಯ ಮಾರಿ ಬಿಳಚಿಕೊಂಡಿತು. “ಏನ್ರಿ ಇದು? ಸರಬತ್ತಿನ್ಯಾಗ ಔಷಧ ಗಿವುಷಧ ಹಾಕ್ಯಾರೇನ?” ಅಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತಂತೆ. ಕಾಕಾ ಮಾತ್ರ ಎದ್ದು ಹೋಗಿ ಕೊಳವೆಯನ್ನು ಆ ಹಿರಿಯಳ ಕೈಗೇ ಕೊಟ್ಟರು. “ನೀವ ನೋಡ್ರಿ ಅಮ್ಮಾರ. ನೀಲಿ ಎಲ್ಲಿಗೆ ಮುಗದೈತಿ ಹೇಳ್ರಿ.” ಆಕೆ ನೋಡಿದಳು, ಮತ್ತೆ ನೋಡಿದಳು, ಆಮೇಲೆ ವಾಪಸ್ ಕೊಡಲೇ ಒಲ್ಲೆ ಅಂದಳು! ಸರಬತ್ತು ಆಯಿತು, ಬಾಳೆಹಣ್ಣು ಆಯಿತು, ಗೋಧಿ ಹುಗ್ಗಿಯ ರಸ ಆಯಿತು, ಕಡೆಗೆ ಉಪ್ಪಿನಕಾಯಿಯನ್ನೂ ಬಿಡಲಿಲ್ಲ. ನಮ್ಮಕ್ಕನನ್ನು ಒಪ್ಪಿದ್ದು ಯಾವಾಗ ಅಂತ ಯಾರಿಗೂ ನೆನಪಿಲ್ಲ, ಹುಗ್ಗಿ ಎಷ್ಟು ಬಂದಿತ್ತು ಅನ್ನುವುದು ಎಲ್ಲರಿಗೂ ನೆನಪಿದೆ.

ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದ ಸಂಗತಿ ಬೇರೆ. ಯಾರ ಹೊಲದ ಕಬ್ಬು ಮೊದಲು ಕಡಿಯಬೇಕು ಅನ್ನುವುದು ಲ್ಯಾಬಿನವರ ಅಂಕಿಯ ಮೇಲೆ ನಿಲ್ಲುತ್ತಿತ್ತು. ಕುಲಗೋಡ ಕಡೆಯ ಒಬ್ಬ ದೊಡ್ಡ ಮನುಷ್ಯನ ಹೊಲಕ್ಕೆ ಕಾಕಾ ಹೋದಾಗ ಕಬ್ಬು ಇನ್ನೂ ಎಳೆಯದಿತ್ತು, ಹದಿನಾರು ಬಂತು. “ಇಪ್ಪತ್ತ ಬರೀರಿ ಸಾಬ್ರ, ಎಲ್ಲಾರೂ ಬರಿತಾರ,” ಅಂದನಂತೆ ಆತ. ಕಾಕಾ ಕೊಳವೆಯನ್ನು ಅವನ ಕಣ್ಣಿಗೇ ಹಿಡಿದರಂತೆ. “ಗೆರಿ ಹದಿನಾರಕ್ಕ ನಿಂತೈತ್ರಿ ಧಣ್ಯಾರ. ನಾ ಎಲ್ಲಿಂದ ಇಪ್ಪತ್ತ ತರ್ಲಿ?” ಆ ಹಂಗಾಮಿನಲ್ಲಿ ಕಾಕಾನಿಗೆ ಒಂದು ದಿನವೂ ಹಗಲು ಪಾಳಿ ಸಿಗಲಿಲ್ಲ. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಅಪ್ಪ ಇದನ್ನು ಹೇಳಿ, “ದಸ್ತಗೀರನ ಬಾಯಾಗ ಸುಳ್ಳ ಬರಂಗಿಲ್ಲ, ಬಂದ್ರ ನಾಲಗಿ ತಡವರಸ್ತೈತಿ,” ಅನ್ನುತ್ತಿದ್ದ.

ನನಗೆ ರಸಾಯನಶಾಸ್ತ್ರದ ಹುಚ್ಚು ಹಿಡಿಸಿದವರು ಈ ಕಾಕಾನೇ. ಚಿಕ್ಕವಳಿದ್ದಾಗ ಒಮ್ಮೆ ಕಾರ್ಖಾನೆಗೆ ಕರೆದೊಯ್ದಿದ್ದರು. ಹೊರಗೆ ಗಿರಣಿಯ ಗದ್ದಲ, ಸಕ್ಕರೆ ತೆಗೆದು ಉಳಿದ ಕಾಕಂಬಿಯ ನಾತ. ಒಳಗೆ ಲ್ಯಾಬಿನಲ್ಲಿ ಗಾಜಿನ ಬೀಕರುಗಳ ಸಾಲು, ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಒಂದೇ ಸಲ ನೋಡಿದ್ದು, ಅಲ್ಲೇ ಮನಸ್ಸು ಕೂತುಬಿಟ್ಟಿತು. ಒಮ್ಮೆ ಎಲ್ಲರೂ ಮೀರಜಿಗೆ ಹೊರಟು ಘಟಪ್ರಭಾ ಸ್ಟೇಶನ್ನಿನಲ್ಲಿ ಗಾಡಿಗಾಗಿ ಕಾಯುತ್ತಿದ್ದೆವು. ಇಷ್ಟು ಓದಿದವರಿಗೆ ಸಕ್ಕರೆ ಬಿಟ್ಟರೆ ಬೇರೆ ಕೆಲಸವೇ ಇಲ್ಲವೇ ಅಂತ ಕೇಳಿದೆ. ಕಾಕಾ ಬೆರಳು ಮಡಚುತ್ತ ಶುರು ಮಾಡಿದರು.

“ಯಾಕಿಲ್ಲ ಬೇಟಾ? ಕುಡಿಯೂ ನೀರ ನೋಡಾವ್ರು ಅದಾರ, ಮಣ್ಣ ನೋಡಾವ್ರು ಅದಾರ. ಮಳಿ ಯಾವಾಗ ಬರ್ತೈತಿ ಅಂತ ಲೆಕ್ಕಾ ಹಾಕಾವ್ರೂ ಫಿಜಿಕ್ಸ್ ಓದಿದವ್ರ. ಕ್ಯಾನ್ಸರ್ ದವಾಖಾನ್ಯಾಗ ಯಾರಿಗೆ ಎಷ್ಟ ಕಿರಣ ಬಿಡಬೇಕು ಅಂತ ಹೇಳಾವ್ರು ಅದಾರ, ಡಾಕ್ಟರ್ ಅಲ್ಲ ಮತ್ತ ಅವರು! ಭೂಮಿ ಒಳಗ ಕಲ್ಲ ಐತೋ ನೀರ ಐತೋ ನೋಡಾವ್ರು, ಪೊಲೀಸರ ಲ್ಯಾಬಿನ್ಯಾಗ ವಿಷ ಹುಡುಕಾವ್ರು…” ಗಾಡಿ ಬಂದು ನಿಂತರೂ ಬೆರಳು ಮುಗಿದಿರಲಿಲ್ಲ. ಅಪ್ಪ ರಟ್ಟೆ ಹಿಡಿದು ಎಳೆದು ಹತ್ತಿಸಿದ.

ಆದರೆ ಅಪ್ಪನ ಲೋಕದಲ್ಲಿ ಓದು ಅಂದರೆ ಎಂಜಿನಿಯರಿಂಗ್ ಒಂದೇ. ಕಾರ್ಖಾನೆಯ ಎಂಜಿನಿಯರ ಜೀಪಿನಲ್ಲಿ ಅಂಗಡಿಗೆ ಬಂದರೆ ಅಪ್ಪ ಕೈಯೊರೆಸಿಕೊಂಡು ಎದ್ದು ನಿಲ್ಲುತ್ತಿದ್ದ, ಸ್ಪೆಷಲ್ ಚಹಾ ತರಿಸುತ್ತಿದ್ದ. ನನ್ನ ಪಿಯುಸಿ ಮುಗಿಯಿತು, ಸಿಇಟಿಯಲ್ಲಿ ರ‍್ಯಾಂಕೂ ತಕ್ಕಮಟ್ಟಿಗೆ ಬಂತು. ಬೆಳಗಾವಿಯ ಕಾಲೇಜಿನ ಹೆಸರು ಸೋಮವಾರದೊಳಗೆ ತುಂಬಬೇಕಿತ್ತು. ನಾನು ಬಿಎಸ್ಸಿ ಅಂದೆ. ಅವನು ಎಂಜಿನಿಯರಿಂಗ್ ಅಂದ. ಮೂರು ದಿನ ಮನೆಯಲ್ಲಿ ಯಾರೂ ನೆಟ್ಟಗೆ ಉಣ್ಣಲಿಲ್ಲ. ಹಟದಲ್ಲಿ ನಾನೂ ಅವನ ಮಗಳೇ ತಾನೇ!

ಶನಿವಾರ ಅಂಗಡಿಯಲ್ಲೇ ಮಾತು ಬೆಳೆಯಿತು. “ಬಿಎಸ್ಸಿ ಮಾಡಿ ದಸ್ತಗೀರನಂಗ ವರ್ಷದಾಗ ಆರ ತಿಂಗಳ ಸ್ಟೂಲ ಮ್ಯಾಲ ಕುಂದರ್ತಿಯೇನ?” ಎಂದು ಅಪ್ಪ ಒದರಿದ. ತಿರುಗಿ ನೋಡಿದರೆ ಕಾಕಾ ಬಾಗಿಲಲ್ಲಿದ್ದರು. ನನಗೆ ನಾಚಿಕೆಯಾಗಿ ಸತ್ತುಹೋಗುವಷ್ಟಾಯಿತು. ಕಾಕಾ ಚಪ್ಪಲಿ ಬಿಟ್ಟು ಒಳಗೆ ಬಂದು ಅದೇ ಸ್ಟೂಲಿನ ಮೇಲೆ ಕೂತರು.

“ಖರೇನ ಐತಲ್ಲ ಮಲ್ಲಪ್ಪಾ,” ಅಂದರು.

ಅಪ್ಪನಿಗೂ ಇರಿಸುಮುರಿಸಾಯಿತು. ಆದರೂ ಬಿಡಲಿಲ್ಲ. “ಹಂಗಾದ್ರ ನೀನ ಹೇಳಪಾ ಅಕಿಗೆ. ನಿನ್ನ ಮಾತ ಕೇಳ್ತಾಳ. ನೀ ಹೇಳಿದ್ದ ಕಡೀ ಮಾತು, ಆಮ್ಯಾಲ ನಾನೂ ಪಿಟ್ಟ ಅನ್ನಂಗಿಲ್ಲ.”

ಕಾಕಾ ನನಗೆ ತಿಳಿಸಿ ಹೇಳಿದರು. ಕಾರ್ಖಾನೆಯಲ್ಲಿ ಎಂಜಿನಿಯರನಿಗೆ ಕ್ವಾರ್ಟರ್ಸು ಇದೆ, ಕೆಮಿಸ್ಟನಿಗಿಲ್ಲ. ಎಂಜಿನಿಯರನಿಗೆ ವರ್ಷಪೂರ್ತಿ ಪಗಾರ. ಬಿಎಸ್ಸಿ ಆದಮೇಲೆ ಎಂಎಸ್ಸಿ, ಆಮೇಲೆ ಪರೀಕ್ಷೆ, ಆಮೇಲೆ ಜಾಗ ಖಾಲಿ ಆಗುವವರೆಗೆ ಕಾಯುವುದು. “ಸ್ಟೇಶನ್ನಿನ್ಯಾಗ ಹೇಳಿದ್ನೆಲ್ಲ, ಆ ಕೆಲಸ ಎಲ್ಲಾ ಅದಾವ ಬೇಟಾ. ಆದ್ರ ದಾರಿ ಉದ್ದ ಐತಿ. ನಿಮ್ಮಪ್ಪ ಹೇಳೂದ ತಪ್ಪಲ್ಲ.”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎಲ್ಲರೂ ಕೈಬಿಟ್ಟರೂ ಇವರು ಬಿಡಲಾರರು ಅಂದುಕೊಂಡಿದ್ದೆ. ಅಳುತ್ತಲೇ ಕೇಳಿಬಿಟ್ಟೆ: “ನಿಮಗ ಮತ್ತ ಹದಿನೆಂಟ ವರ್ಷ ಆಗಿ, ಎರಡೂ ಸೀಟ ಮುಂದಿಟ್ರ, ನೀವು ಎಂಜಿನಿಯರ ಆಗ್ತಿದ್ರೇನ್ರಿ ಕಾಕಾ? ಖರೆ ಹೇಳ್ರಿ.”

ಅಪ್ಪ ಲೇತ್ ಬಂದ್ ಮಾಡಿದ. ಕಾಕಾ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು.

“ಇಲ್ಲ,” ಅಂದರು. “ಆಗತಿದ್ದಿಲ್ಲ. ಮತ್ತ ಲ್ಯಾಬಿಗೇ ಬರ್ತಿದ್ದೆ.”

ಅಪ್ಪನ ಮುಖ ಕೆಂಪಾಯಿತು. “ನಿನ್ನ ಕೇಳಿದ್ದು ಇದಕ್ಕೇನಲೇ?” ಅಂದವನು ಲೇತ್ ಮತ್ತೆ ಚಾಲೂ ಮಾಡಿದ. ಸಂಜೆ ಮನೆಗೆ ಬಂದು, ನನ್ನ ಕಡೆ ನೋಡದೆ, “ಅಂವ ಸುಳ್ಳ ಹೇಳಾವಲ್ಲ. ಹೋಗು, ಏನ್ ಓದ್ಕೋತಿ ಓದ್ಕೋ,” ಅಂದ. ನನಗೆ ಬೇಕಾದದ್ದು ಸಿಕ್ಕಿತು. ಕಾಕಾನ ಸ್ಟೂಲು ಹೋಯಿತು. ಏಳು ವರ್ಷ ಅಪ್ಪ ಅವರೊಂದಿಗೆ ಮಾತು ಬಿಟ್ಟ. ಕಾಕಾ ಅಪ್ಪ ಇಲ್ಲದ ಹೊತ್ತು ನೋಡಿ ಬಾಗಿಲಿಗೆ ಬಂದು, “ವೈನಿ, ನಮ್ಮ ಶೈಲಾಂದು ಎಷ್ಟ ಬಿತ್ತು?” ಅಂತ ನನ್ನ ಮಾರ್ಕ್ಸು ಕೇಳಿಕೊಂಡು ಹೋಗುತ್ತಿದ್ದರು. ಚಹಾ ಕೊಟ್ಟರೆ ಒಲ್ಲೆ ಅನ್ನುತ್ತಿದ್ದರಂತೆ. ಅದನ್ನು ಹೇಳುವಾಗ ಅವ್ವನ ಕಣ್ಣು ತುಂಬುತ್ತಿತ್ತು.

ಎಂಎಸ್ಸಿ ಮುಗಿಸಿ, ಒಂದು ಸಲ ಫೇಲಾಗಿ, ಮತ್ತೆ ಪರೀಕ್ಷೆ ಬರೆದು ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಕೆಲಸ ಹಿಡಿದೆ. ಪೊಲೀಸರು ಸೀಲು ಮಾಡಿ ಕಳಿಸಿದ ಬಾಟಲಿಗಳಲ್ಲಿ ಯಾವ ವಿಷ ಇದೆ ಅಂತ ನೋಡುವ ಕೆಲಸ. ಆದೇಶ ಬಂದ ದಿನ ಅಪ್ಪ ಸುಮ್ಮನೆ ಎದ್ದು ಪೇಟೆಗೆ ಹೋಗಿ ಒಂದು ಕಿಲೋ ಕರದಂಟು ತಂದ. ನಮ್ಮ ಮನೆಗಲ್ಲ, ನೇರ ಪಕ್ಕದ ಮನೆಗೆ. ಗೋಡೆಯಾಚೆಯಿಂದ ನಮಗೆಲ್ಲ ಕೇಳಿಸಿತು.

“ತಿನ್ನು. ಆ ಕೊಳವಿ ಗಿಳವಿ ತಗೀಬ್ಯಾಡ ಮತ್ತ. ಸುಮ್ನ ತಿನ್ನು.”

ಕಾಕಾ ನಕ್ಕಿದ್ದು ಕೇಳಿಸಿತು. “ನಾ ಜನ್ಮೆಲ್ಲಾ ಸಕ್ರಿ ನೋಡಿದೆ, ನಿನ್ನ ಮಗಳು ವಿಷ ನೋಡಾಕ ಹೊಂಟಾಳ. ಎಂಥಾ ಶಿಷ್ಯಾನ ತಯಾರ ಮಾಡೀನಿ ನೋಡ ಮಲ್ಲಪ್ಪಾ!”

ನಿವೃತ್ತಿಯಾದ ಮೇಲೆ ಕಾಕಾ ಹುಕ್ಕೇರಿಯಲ್ಲಿ, ನನಗಿಂತ ದೊಡ್ಡವಳಾದ ಮಗಳು ರೇಷ್ಮಾಳ ಮನೆಗೆ ಹೋದರು. ಹೋದ ವರ್ಷ ಉಸಿರಿನ ತ್ರಾಸು ಜಾಸ್ತಿಯಾಗಿದೆ ಅಂತ ಸುದ್ದಿ ಬಂದಾಗ ಅಪ್ಪನನ್ನು ಕರೆದುಕೊಂಡು ಹೋದೆ. ಕಾಕಾನ ಮಾರಿ ಬತ್ತಿ ಇಷ್ಟೇ ಆಗಿತ್ತು. ನನ್ನನ್ನು ಕಂಡವರೇ ಕೇಳಿದ್ದು, “ಪಗಾರ ತಿಂಗಳಾ ಬರ್ತೈತಿಲ್ಲ ಬೇಟಾ? ವರ್ಷಪೂರ್ತಿ?” ಬರುತ್ತದೆ ಅಂದೆ. ರೇಷ್ಮಾಳ ಗಂಡ ಅಪ್ಪನನ್ನು ನಮಾಜಿನ ಹೊತ್ತಿಗಿಂತ ಮುಂಚೆ ಒಂದು ಸುತ್ತು ಪೇಟೆ ತೋರಿಸಲು ಕರೆದೊಯ್ದ. ರೇಷ್ಮಾ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಕಾಕಾ ಹತ್ತಿರ ಬಾ ಅಂತ ಸನ್ನೆ ಮಾಡಿದರು.

“ಅವತ್ತ ಅಂಗಡ್ಯಾಗ ನಾ ಹೇಳಿದ್ದು ಖರೆ ಅಲ್ಲ.”

ನನಗೆ ತಿಳಿಯಲಿಲ್ಲ.

“ಎಂಜಿನಿಯರ ಆಗ್ತಿದ್ದೆ ಬೇಟಾ. ಒಂದ ಸಲ ಅಲ್ಲ, ಹತ್ತ ಸಲ ಕೇಳಿದ್ರೂ ಆಗ್ತಿದ್ದೆ. ರೇಷ್ಮಾಗ ಡಾಕ್ಟರಿ ಓದಬೇಕಂತ ಭಾಳ ಆಸೆ ಇತ್ತು. ನನ್ನ ಅರ್ಧಾ ಪಗಾರದಾಗ ಅದು ಆಗಲಿಲ್ಲ. ಅಕಿ ಒಂದ ದಿನಾನೂ ನನಗ ಅಂದಿಲ್ಲ.” ಉಸಿರು ಸಾಲದೆ ದಿಂಬಿಗೆ ಒರಗಿದರು. “ಖರೆ ಹೇಳಬೇಕಂತನ ಬಾಯಿ ತಗದಿದ್ದೆ. ನಿನ್ನ ಮಾರಿ ನೋಡಿದೆ. ಒಬ್ಬಾಕಿ ಮಾರಿ ಅದಾಗಲೇ ಹಂಗ ಬಾಡಿದ್ದು ನೋಡಿದ್ನೆಲ್ಲ, ಇನ್ನೊಬ್ಬಾಕೀದು ನೋಡೂದು ಆಗಲಿಲ್ಲ. ತಪ್ಪಾತೇನ?”

ಒಳಗೆ ರೊಟ್ಟಿ ಬಡಿಯುವ ಸಪ್ಪಳ ಒಂದೇ ಸಮನೆ ಕೇಳುತ್ತಿತ್ತು. ನಾನು ಅವರ ಕೈ ಹಿಡಿದುಕೊಂಡೆ. “ತಪ್ಪಾಗಿಲ್ರಿ ಕಾಕಾ. ನನ್ನ ಸಲುವಾಗಿ ಆಗಿಲ್ಲ,” ಅಂದೆ. ರೇಷ್ಮಾಳ ಸಲುವಾಗಿ ಆ ಮಾತು ಹೇಳುವವಳು ನಾನಲ್ಲ. ಅವರು ಕಣ್ಣು ಮುಚ್ಚಿ ಹೂಂ ಅಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ಕೇಳಿದ, “ಏನೋ ಹೇಳಾಕತ್ತಿದ್ನಲ್ಲ ದಸ್ತಗೀರ, ಏನಂದ?”

“ಚಲೋ ಇರು ಅಂದ್ರು,” ಅಂದೆ. ಸಲೀಸಾಗಿ ಅಂದೆ, ನಾಲಗೆ ತಡವರಿಸಲಿಲ್ಲ.

ತಿಂಗಳೊಳಗೆ ಕಾಕಾ ತೀರಿಕೊಂಡರು. ಅಪ್ಪ ಹುಕ್ಕೇರಿಗೆ ಹೋಗಿ ಮಣ್ಣು ಕೊಟ್ಟು ಬಂದು, ಜಗಲಿಯ ಮೇಲೆ ಕೂತು ಸಣ್ಣ ಹುಡುಗನ ಹಾಗೆ ಅತ್ತ. ನಾನು ರೇಷ್ಮಾಳಿಗೆ ಫೋನು ಮಾಡಿದೆ. ಅವಳ ಮಗಳು ಈಗ ಪಿಯುಸಿ ಸೈನ್ಸು. ಮುಂದೆ ಏನು ಓದಿಸಲಿ ಅಂತ ಅವಳು ನನ್ನನ್ನೇ ಕೇಳಿದಳು. “ನೀ ಓದಿನ್ಯಾಗ ಅಷ್ಟ ದೂರ ಹೋಗಿ ನೋಡಿ ಬಂದಾಕಿ, ಖರೆ ಹೇಳು ಶೈಲಾ,” ಅಂದಳು. “ಮೊದಲ ಫೋನ ಅಕಿ ಕೈಯಾಗ ಕೊಡು, ಅಕಿಗೆ ಏನ ಬೇಕು ಕೇಳ್ತೀನಿ,” ಅಂದೆ.