ಜಯಕರಣ್ಣ ಬರೆದ ಕೆರೆ

ಕಾಪುವಿನ ಜಯಕರಣ್ಣನ ಮನೆಯ ಗೇಟಿನಲ್ಲಿ ಮನೆಯ ಹೆಸರು ಇಂಗ್ಲಿಷಿನಲ್ಲಿತ್ತು. ಅದರಲ್ಲಿ ಒಂದೂ ದೊಡ್ಡಕ್ಷರ ಇರಲಿಲ್ಲ. ‘ಅಮ್ಮನ’ ಮತ್ತು ‘ನೆರಳು’ ಎಂಬ ಎರಡು ಪದಗಳ ನಡುವೆ ಖಾಲಿ ಜಾಗದ ಬದಲು ಅಡಿಯಲ್ಲೊಂದು ಗೆರೆ ಇತ್ತು. ಬಣ್ಣ ಸೋರಿದೆ ಎಂದು ನೋಡಿದವರು ನಗುತ್ತಾರೆ ಅಂತ ಪೇಂಟರ್ ಆ ಗೆರೆ ಎಳೆಯಲು ಒಪ್ಪಿರಲಿಲ್ಲವಂತೆ. ಜಯಕರಣ್ಣ ಕುರ್ಚಿ ಹಾಕಿ ಪಕ್ಕದಲ್ಲೇ ಕುಳಿತು ಎಳೆಸಿದರು.

ಅವರು ಗಲ್ಫಿನ ಒಂದು ಸರ್ವೆ ಆಫೀಸಿನಲ್ಲಿ ನಕ್ಷೆ ಬರೆಯುತ್ತಿದ್ದವರು. ಅಲ್ಲಿದ್ದಾಗಲೇ, ಯಾರು ಬೇಕಾದರೂ ತಿದ್ದಬಹುದಾದ, ಯಾರು ಬೇಕಾದರೂ ಎತ್ತಿಕೊಂಡು ಬಳಸಬಹುದಾದ ಮುಕ್ತ ನಕ್ಷೆಯ ಹುಚ್ಚು ಹತ್ತಿತ್ತು. ಶುಕ್ರವಾರದ ರಜೆಯಲ್ಲಿ ರೂಮಿನ ಉಳಿದವರು ಮಲಗಿದ್ದರೆ ಇವರು ಉಪಗ್ರಹದ ಚಿತ್ರ ನೋಡುತ್ತಾ ಉಡುಪಿ, ಕಾರ್ಕಳದ ರಸ್ತೆ, ಹಳ್ಳ-ತೋಡು, ಮೈದಾನಗಳನ್ನು ನಕ್ಷೆಗೆ ಇಳಿಸುತ್ತಿದ್ದರು. “ಊರಿಗೆ ಬರ್ಲಿಕ್ಕೆ ರಜೆ ಸಿಗ್ತಿರಲಿಲ್ಲ. ಹಾಗೆ ಕೂತಲ್ಲೇ ಊರು ಬರೀತಿದ್ದೆ” ಎನ್ನುತ್ತಿದ್ದರು.

ಊರಿಗೆ ಮರಳಿದ ಮೇಲೆ ಮಣಿಪಾಲದ ಒಂದು ಕ್ಯಾಂಟೀನಿನಲ್ಲಿ ಭಾನುವಾರ ನಮ್ಮಂಥ ನಾಲ್ಕೈದು ಜನರನ್ನು ಸೇರಿಸಿ ಕಲಿಸತೊಡಗಿದರು. ನಾನು ಅಲೆವೂರಿನವಳು, ಮಣಿಪಾಲದಲ್ಲಿ ಲೈಬ್ರರಿ ಕೆಲಸ. ಮೊದಲ ವಾರ ನಮ್ಮೂರಿನ ಸಾರ್ವಜನಿಕ ಬಾವಿಯನ್ನು ನನಗೆ ತೋಚಿದ ಹಾಗೆ ದೊಡ್ಡಕ್ಷರಗಳಲ್ಲಿ ಜರ್ಬಾಗಿ ಸೇರಿಸಿ ಬಂದೆ. ಮರುವಾರ ಅವರು ಚಹಾದ ಗ್ಲಾಸು ಕೆಳಗಿಟ್ಟು ನನ್ನನ್ನೇ ನೋಡಿದರು.

“ಎಂತ ಮಾರಾಯ್ತಿ, ಬಾವಿ ತೋಡಿದ್ದಾ, ಮದುವೆ ಬೋರ್ಡು ಬರೆದದ್ದಾ?”

ಆಮೇಲೆ ತಾಳ್ಮೆಯಿಂದ ವಿವರಿಸಿದರು. ನಕ್ಷೆಯ ಪ್ರತಿಯೊಂದು ವಸ್ತುವಿಗೂ ಎಡಗಡೆ ಒಂದು ಪ್ರಶ್ನೆ, ಬಲಗಡೆ ಅದರ ಉತ್ತರ. ಪ್ರಶ್ನೆಗೆ ‘ಕೀ’ ಎಂದು ಹೆಸರು. ಕೀಯನ್ನು ಚಿಕ್ಕ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು. ಎರಡು ಪದಗಳಿದ್ದರೆ ನಡುವೆ ಅಡಿಗೆರೆ ಬರಬೇಕು, ಒಂದರೊಳಗೆ ಇನ್ನೊಂದು ವಿಷಯವಿದ್ದರೆ ಒಂದರ ಮೇಲೊಂದು ಎರಡು ಚುಕ್ಕಿ. “ಹೆಸರು ಅಂತ ಹಾಕಿ, ಎರಡು ಚುಕ್ಕಿ ಇಟ್ಟು, ಕನ್ನಡದ ಗುರ್ತು ಹಾಕು. ನಮ್ಮ ಭಾಷೆಗೆ ಅದರಲ್ಲಿ ಬೇರೆಯೇ ಕೋಣೆ ಉಂಟು. ಕೀ ಸರಿ ಇದ್ರೆ ಲೋಕದ ಯಾವ ಮೆಷೀನೂ ಓದ್ತದೆ. ಇಲ್ಲದಿದ್ರೆ ನಿನ್ನ ಬಾವಿ ಉಂಟು, ಆದ್ರೆ ಯಾರಿಗೂ ಸಿಗುವುದಿಲ್ಲ.” ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲವಲ್ಲ, ಆದರೂ ನಮಗೆ ಈ ರೋಗ ಎಲ್ಲಿಂದ ಅಂಟಿತು ಎಂದು ಅವರಿಗೆ ನಿಜವಾಗಿಯೂ ಆಶ್ಚರ್ಯ. ನಾವು ಅವರ ಬೆನ್ನ ಹಿಂದೆ ‘ಚುಕ್ಕಿ ಮಾಸ್ಟ್ರು’ ಎನ್ನುತ್ತಿದ್ದೆವು. ಅದು ಅವರಿಗೆ ಗೊತ್ತಿತ್ತು, ಖುಷಿಯೂ ಇತ್ತು.

ಒಂದು ಮಳೆಗಾಲದ ಕೊನೆಗೆ, ಕಾರ್ಕಳದ ಆಚೆ, ಹಾಸ್ಟೆಲಿನ ಒಬ್ಬ ಹುಡುಗ ನೀರಿಗಿಳಿದು ತೀರಿಕೊಂಡ. ಉತ್ತರ ಭಾರತದ ಕಡೆಯವನು. ಮೊಬೈಲಿನ ನಕ್ಷೆಯಲ್ಲಿ ಕೆರೆ ಅಂತ ಇತ್ತು, ಅದಕ್ಕೇ ಈಜಲು ಹೋದೆವು ಎಂದು ಸ್ನೇಹಿತರು ಹೇಳಿದ್ದು ಪೇಪರಿನಲ್ಲಿ ಬಂತು. ಅದು ಕೆರೆಯಲ್ಲ, ಕೆಲಸ ನಿಂತ ಕಲ್ಲಿನ ಕೋರೆ. ಕರಿಕಲ್ಲನ್ನು ನೆಟ್ಟಗೆ ಕಡಿದು ತೆಗೆದ ಗುಂಡಿ. ಇಳಿಯಲು ಮೆಟ್ಟಿಲಿಲ್ಲ, ಹತ್ತಲು ಕೈಗೆ ಹಿಡಿತ ಸಿಗುವುದಿಲ್ಲ.

ಆ ಭಾನುವಾರ ಜಯಕರಣ್ಣ ಚಹಾ ಮುಟ್ಟಲಿಲ್ಲ.

“ಆ ಕೆರೆ ಬರೆದದ್ದು ನಾನು” ಎಂದರು. “ಅಲ್ಲಿ ಗಲ್ಫಿನ ರೂಮಲ್ಲಿ ಕೂತು. ಮೇಲಿಂದ ನೋಡಿದ್ರೆ ನೀಲಿ ಕಾಣ್ತಿತ್ತು. ಚಂದ ಉಂಟು ಅಂತ ಬರೆದೆ.”

ಫೋನು ತೆರೆದು ಆ ಕೆರೆಯನ್ನು ನನ್ನ ಮುಂದೆ ಹಿಡಿದರು.

“ಕೀ ಸರಿ ಉಂಟು ಮಾರಾಯ್ತಿ. ಒಂದಕ್ಷರ ಆಚೀಚೆ ಇಲ್ಲ. ಅದಕ್ಕೇ ಎಲ್ಲ ಫೋನಲ್ಲೂ ಬಂದದ್ದು.”

ಆ ಹುಡುಗನ ತಂದೆ ಜಾಗ ನೋಡಬೇಕೆಂದಾಗ ಜಯಕರಣ್ಣನೇ ತಮ್ಮ ಕಾರಿನಲ್ಲಿ ಕರೆದುಕೊಂಡು ಹೋದರು. ಜೊತೆಗೆ ಬಾ ಎಂದು ನನ್ನನ್ನು ಕೇಳಿದರು, ಹೋದೆ. ಕೋರೆಯ ಅಂಚಿನಲ್ಲಿ ಆ ಮನುಷ್ಯ ಮಗನ ಫೋನು ತೆರೆದು ತೋರಿಸಿದರು. ಜಯಕರಣ್ಣ ಮೂಲ ನಕ್ಷೆಯನ್ನು ಆಗಲೇ ತಿದ್ದಿದ್ದರು. ಪಾಳು ಎಂಬ ಪದ, ಎರಡು ಚುಕ್ಕಿ, ಮುಂದೆ ಕಲ್ಲುಕೋರೆಗೆ ಇರುವ ಕೀ, ಜೊತೆಗೆ ಅಪಾಯದ ಗುರುತು. ಆದರೆ ಆ ಫೋನಿನ ಆ್ಯಪ್ ಹಳೆಯ ಪ್ರತಿಯನ್ನು ಇಟ್ಟುಕೊಂಡಿತ್ತು. ಅದರಲ್ಲಿ ಕೆರೆ ಹಾಗೇ ಇತ್ತು.

ಇದನ್ನು ಯಾರು ಬರೆದದ್ದು ಎಂದು ಅವರು ಹಿಂದಿಯಲ್ಲಿ ಕೇಳಿದರು. ಜಯಕರಣ್ಣ “ನಾನು” ಎಂದರು. ಇಲ್ಲಿಗೆ ಬಂದು ನೋಡಿದ್ದಿರಾ ಎಂದು ಕೇಳಿದರು. “ಇಲ್ಲ” ಎಂದರು. ಆ ತಂದೆ ಬೈದಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಅವರು ಫೋನನ್ನು ಜೇಬಿಗೆ ಹಾಕಿಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಹೋಗಿ ಕುಳಿತರು.

ಆಮೇಲೆ ಜಯಕರಣ್ಣ ಕೂತಲ್ಲಿಂದ ಏನನ್ನೂ ಬರೆಯಲಿಲ್ಲ. ಹಗ್ಗಕ್ಕೆ ಕಲ್ಲು ಕಟ್ಟಿಕೊಂಡು ಕಾರ್ಕಳದ ಸುತ್ತಲಿನ ಕೋರೆಗಳನ್ನು ಒಂದೊಂದಾಗಿ ಹುಡುಕಿಕೊಂಡು ಹೋದರು. ಹಗ್ಗ ಬಿಟ್ಟು ಆಳ ನೋಡುವುದು ಅವರು, ಫೋನಿನಲ್ಲಿ ಸೇರಿಸುವುದು ನಾನು. “ನನ್ನ ಹೆಸರಲ್ಲಿ ಬೇಡ” ಎನ್ನುತ್ತಿದ್ದರು. ಆದರೆ ಉಳಿಸುವ ಮೊದಲು ಬಗ್ಗಿ, ಕನ್ನಡಕ ಏರಿಸಿ, ಕೀಯನ್ನು ಅಕ್ಷರ ಅಕ್ಷರವಾಗಿ ಓದಿಯೇ ಓದುತ್ತಿದ್ದರು. ಹಳೆಯ ಪ್ರತಿ ಇಟ್ಟುಕೊಂಡ ಆ್ಯಪಿನವರಿಗೆಲ್ಲ ಬರೆದರು. ಕೆಲವರು ತಿದ್ದಿದರು. ಹೆಚ್ಚಿನವರು ಉತ್ತರವನ್ನೇ ಕೊಡಲಿಲ್ಲ. ಯಾರ್ಯಾರ ಬಳಿ ಪ್ರತಿ ಉಂಟೆಂದು ತಿಳಿಯುವ ದಾರಿಯೂ ಇರಲಿಲ್ಲ.

ಕೊನೆಯ ಸಲ ನೋಡಿದ್ದು ಕಾಪುವಿನ ಅವರ ಮನೆಯಲ್ಲಿ. ಎದೆನೋವಿಗೆ ಆಸ್ಪತ್ರೆ ಸೇರಿ ಬಂದಿದ್ದರು. ತೀರಾ ಇಳಿದುಹೋಗಿದ್ದರು. ನಾನು ಏನೋ ಸಮಾಧಾನ ಹೇಳಲು ಹೊರಟೆ.

“ತಪ್ಪು ಬರೆಯುವುದಾದ್ರೆ ನಿನ್ನ ಬಾವಿಯ ಹಾಗೆ ಬರೀಬೇಕಿತ್ತು ನಾನು” ಎಂದರು. “ಯಾರಿಗೂ ಸಿಗ್ತಿರಲಿಲ್ಲ ಅಲ್ವಾ?”

ಹದಿನೈದು ದಿನ ಕಳೆಯುವುದರೊಳಗೆ ಹೋದರು. ಅಷ್ಟು ಅಚ್ಚುಕಟ್ಟಿನ ಮನುಷ್ಯನಿಗೆ ಆ ಅಚ್ಚುಕಟ್ಟೇ ಮುಳುವಾಯಿತಲ್ಲ ಎಂದು ನನಗೆ ಸಂಕಟವಾಗುತ್ತದೆ. ಯಾರ ಮೇಲೆ ಸಿಟ್ಟು ಮಾಡಬೇಕೆಂದು ಮಾತ್ರ ಗೊತ್ತಿಲ್ಲ.

ಕಳೆದ ತಿಂಗಳು ಒಬ್ಬಳೇ ಆ ಕೋರೆಗೆ ಹೋಗಿದ್ದೆ. ನಾವು ನೆಡಿಸಿದ ಎಚ್ಚರಿಕೆಯ ಫಲಕವನ್ನು ಯಾರೋ ಕಿತ್ತೊಯ್ದಿದ್ದರು. ಅಂಚಿನಲ್ಲಿ ಮೂವರು ಹುಡುಗರು ಅಂಗಿ ಬಿಚ್ಚಿ, ಟವೆಲ್ ಹೆಗಲಿಗೆ ಹಾಕಿ ನಿಂತಿದ್ದರು. ಇಳಿಯಬೇಡಿ, ಇದು ಕೋರೆ ಎಂದು ಕೂಗಿದೆ.

“ಇಲ್ಲ ಆಂಟಿ, ಕೆರೆ. ಇದ್ರಲ್ಲೇ ಉಂಟು ನೋಡಿ” ಎಂದು ಒಬ್ಬ ಫೋನು ಚಾಚಿದ.

ನಾನು ಹೆಸರೂ ಕೇಳಿರದ ಯಾವುದೋ ಆ್ಯಪ್. ಅದರಲ್ಲಿ ನಾಲ್ಕು ಮೂಲೆಯ ನೀಲಿ ಕೆರೆ, ಜಯಕರಣ್ಣ ಶುಕ್ರವಾರದ ರಜೆಯಲ್ಲಿ ಬರೆದಿಟ್ಟ ಹಾಗೆಯೇ ಇತ್ತು. ಫೋನನ್ನು ಹಿಂದೆ ಕೊಟ್ಟೆ. ಇಲ್ಲಿ ಸತ್ತವನ ಕಥೆ ಹೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಅಂಗಿ ಹಾಕಿ ಹೊರಡುವವರೆಗೆ ನಾನು ಅಂಚು ಬಿಟ್ಟು ಕದಲಲಿಲ್ಲ. ಅವರು ಹೋದ ಮೇಲೂ ತುಂಬ ಹೊತ್ತು ಅಲ್ಲೇ ನಿಂತಿದ್ದೆ, ಇನ್ಯಾರಾದರೂ ಬಂದಾರು ಎಂದು.