ಉದ್ಯಾನವಾದ ರುದ್ರಭೂಮಿ

ತೆಲುಗು ಸೀಮೆಯ ಮಹಾನಗರದ ಅಂಚಿನಲ್ಲಿ, ಮಣಿಕೊಂಡದ ಬಂಡೆಗಳ ನಡುವಿನ ಆ ತುಂಡು ನೆಲವನ್ನು ಬೀದರ, ಗುಲಬರ್ಗಾ ಕಡೆಯಿಂದ ಬಂದು ನೆಲೆಸಿದ ಲಿಂಗಾಯತ ಮನೆಗಳವರು ರುದ್ರಭೂಮಿಗೆಂದು ಕೊಂಡಾಗ ಅಲ್ಲಿ ಕುರಿ ಮೇಯುತ್ತಿದ್ದವು. ಎರಡು ಸಾವಿರದ ಐದರ ಹೊತ್ತಿಗೆ ಸುತ್ತಲೂ ಕಂಪನಿಗಳ ಗಾಜಿನ ಕಟ್ಟಡಗಳು ಎದ್ದು, ಬಿಲ್ಡರುಗಳ ಗಡಿಕಲ್ಲುಗಳು ಒಂದೊಂದೇ ಒಳಗೆ ಸರಿಯತೊಡಗಿದವು. ನೆಲದ ಉಸ್ತುವಾರಿ ಕಲ್ಯಾಣಪ್ಪನದು. ರಕ್ಷಣಾ ಕಾರ್ಖಾನೆಯಲ್ಲಿ ಲೇತ್ ನಡೆಸಿ ನಿವೃತ್ತನಾದವನು. ಗೋಡೆ ಕಟ್ಟಿಸಲು ಆ ಮನೆಗಳವರ ಸಂಘದ ಬಳಿ ದುಡ್ಡಿರಲಿಲ್ಲ. ಮನೆಯಲ್ಲಿ ಹೆಂಡತಿ ಶಾರದಾಬಾಯಿ ಕ್ಯಾನ್ಸರಿನಿಂದ ಹಾಸಿಗೆ ಹಿಡಿದಿದ್ದಳು.

“ನನ್ನ ಸುಡಬ್ಯಾಡ್ರಿ,” ಎಂದಿದ್ದಳು. “ನಮ್ಮವ್ವನ್ನ ಕುಂದ್ರಿಸಿದಂಗ ಕುಂದ್ರಿಸಿ ಮಣ್ಣು ಕೊಡ್ರಿ. ಅಷ್ಟ ಸಾಕು.”

“ಜಾಗಾ ನನ್ನ ಕೈಯಾಗ ಐತಿ. ಯಾಕ ಚಿಂತಿ ಮಾಡ್ತಿ?”

ಅದೇ ವರ್ಷ ಒಂದು ಪ್ರತಿಷ್ಠಾನದ ಸುದ್ದಿ ಬಂತು. ಸಾಫ್ಟ್‌ವೇರ್ ಕಂಪನಿಯ ಒಡೆಯನೊಬ್ಬ ಲಾಭದ ಪಾಲನ್ನು ಠೇವಣಿಯಿಟ್ಟು, ಅದರ ಬಡ್ಡಿಯಲ್ಲಿ ಊರಿನ ಬಯಲುಗಳನ್ನು ಉಳಿಸುವವರಿಗೆ ಅನುದಾನ ಕೊಡಿಸುತ್ತಿದ್ದ. ಅರ್ಜಿ ಓದಿ, ನೆಲ ನೋಡಿಸಿ, ಟ್ರಸ್ಟಿಗಳು ಸಭೆಯಲ್ಲಿ ತೀರ್ಮಾನಿಸುತ್ತಿದ್ದರು. ಹಣ ಪಡೆದ ನೆಲ ಹೇಳಿದ ಬಳಕೆಗೇ ಮೀಸಲೆಂದು ನೋಂದಣಿಯಾಗಬೇಕು. ಆಟದ ಬಯಲಿಗೆ, ಉದ್ಯಾನಕ್ಕೆ ಕೊಡುತ್ತಿದ್ದರು. ಹೆಣ ಹೂಳುವ ನೆಲಕ್ಕೆ ಇಲ್ಲ.

“ಉದ್ಯಾನ ಅಂತ ಬರೀರಿ ಕಾಕಾ,” ಎಂದ ಸಂಘದ ಕಾರ್ಯದರ್ಶಿ ವಿಜಯಕುಮಾರ. “ಗೋಡಿ ಏಳ್ಲಿ. ಆಮ್ಯಾಲೆ ಯಾರ್ ಬಂದು ನೋಡ್ತಾರ? ನಾವೇನು ಸತ್ತೋರ್ನ ಬಾಜಾ ಬಾರಿಸ್ಕೋತ ಒಯ್ತೀವೇನು?”

“ಬಾರಿಸ್ಕೋತನ ಒಯ್ತೀವಲ್ಲಲೇ!” ಎಂದ ಕಲ್ಯಾಣಪ್ಪ.

ಎಲ್ಲರೂ ನಕ್ಕರು, ನಗುತ್ತಲೇ ಒಪ್ಪಿದರು. ತಪಾಸಣೆಯ ಮುನ್ನಾದಿನ ಕಲ್ಯಾಣಪ್ಪ ಎದುರಿಗೆ ನಿಂತು ಸಮಾಧಿಯ ದಿಬ್ಬಗಳನ್ನು ಸಮ ಮಾಡಿಸಿ ಹೊಂಗೆಯ ಸಸಿ ನೆಡಿಸಿದ. ಅವುಗಳಲ್ಲಿ ಅವನ ತಮ್ಮನ ದಿಬ್ಬವೂ ಇತ್ತು. ಪ್ರತಿಷ್ಠಾನದಿಂದ ಬಂದ ಮಾನಸಾ ಎಂಬ ಹುಡುಗಿ ಸುತ್ತಾಡಿ, ಅಚ್ಚುಕಟ್ಟಾಗಿದೆ ಎಂದಳು. ಅನುದಾನ ಮಂಜೂರಾಯಿತು, ಗೋಡೆ ಎದ್ದಿತು. ಗೇಟಿಗೆ ಪ್ರತಿಷ್ಠಾನದ್ದೇ ಕಾವಲುಗಾರ ಬಂದು ಕೂತ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮುಂದಿನ ಏಪ್ರಿಲಿನಲ್ಲಿ ಶಾರದಾಬಾಯಿ ತೀರಿಕೊಂಡಳು. ಗುಂಡಿ ತೋಡಲು ಹೋದವರನ್ನು ಕಾವಲುಗಾರ ಗೇಟಿನಲ್ಲೇ ತಡೆದ. ಕಲ್ಯಾಣಪ್ಪ ಮಾನಸಾಗೆ ಫೋನ್ ಮಾಡಿದ.

“ಅದು ಮೊದಲಿಂದನೂ ನಮ್ಮ ರುದ್ರಭೂಮಿರಿ, ಮೇಡಂ.”

“ಹಾಗಂತ ಎಲ್ಲೂ ಹೇಳಲೇ ಇಲ್ಲವಲ್ಲ ಸಾರ್. ನಾನೇ ಬಂದು ನೋಡಿದ್ದೀನಿ. ಒಂದು ಸಮಾಧಿಯೂ ಇರಲಿಲ್ಲ.”

ಅವನು ಫೋನಿಟ್ಟು ಬೇರೆ ಕಡೆ ಜಾಗ ಕೇಳತೊಡಗಿದ. ಮೆಹದಿಪಟ್ಟಣಂ ಕಡೆಯ ಇನ್ನೊಂದು ಲಿಂಗಾಯತ ಸಮಾಜದವರು, ನಮ್ಮ ಸದಸ್ಯರಿಗೇ ಜಾಗ ಸಾಲದು ಎಂದರು. ಊರಿಗೇ ಒಯ್ಯೋಣವೆಂದರೆ, ಹುಟ್ಟಿದೂರು ಕಾರಂಜಾ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಎಷ್ಟೋ ಕಾಲವಾಗಿತ್ತು. ಮಧ್ಯಾಹ್ನದ ಬಿಸಿಲಿಗೆ ವಾಸನೆ ಎದ್ದಿತು. ಪದ್ಧತಿಯಂತೆ ಕುಳ್ಳಿರಿಸಿ ಕಟ್ಟಿದ್ದ ದೇಹ ಹಾಗೆಯೇ ಸೆಟೆದಿತ್ತು. ಕೊನೆಗೆ ವಿದ್ಯುತ್ ಚಿತಾಗಾರಕ್ಕೆ ಒಯ್ದರು. ಅಲ್ಲಿ ಮಲಗಿಸಲು ಮೊಣಕಾಲುಗಳನ್ನು ಒತ್ತಿ ಹಿಡಿಯಬೇಕಾಯಿತು. ಕಲ್ಯಾಣಪ್ಪನೇ ಒತ್ತಿದ.

ಸಂಜೆ ಅಲ್ಲಿನ ಆಳು ಒಂದು ಗಡಿಗೆ ತಂದುಕೊಟ್ಟು, ನದಿಗೆ ಬಿಡಿ ಎಂದು ತೆಲುಗಿನಲ್ಲಿ ಹೇಳಿದ.

“ನಮ್ಮೊಳಗ ಬೂದಿಗೆ ಏನೂ ಶಾಸ್ತ್ರ ಇಲ್ಲಲ್ಲೋ,” ಎಂದು ಕಲ್ಯಾಣಪ್ಪ ವಿಜಯಕುಮಾರನತ್ತ ತಿರುಗಿದ. “ಇದನ್ನ ಏನ್ ಮಾಡ್ಬೇಕು?”

ವಿಜಯಕುಮಾರ, ಸಂಸ್ಕಾರ ಮಾಡಿಸಲು ಬಂದಿದ್ದ ಐನೋರ ಮುಖ ನೋಡಿದ. ತಮಗೂ ತಿಳಿಯದೆಂದರು ಅವರು. ಆಟೋದಲ್ಲಿ ಕೂತಾಗ ಗಡಿಗೆ ಕಲ್ಯಾಣಪ್ಪನ ತೊಡೆಯ ಮೇಲೆ ಇನ್ನೂ ಬಿಸಿಯಾಗಿತ್ತು.